ಎಡಕುಮೇರಿಯನ್ನು ಹಲಗೆಗೆ ಇಳಿಸುವುದು ಹೇಗೆ?

ಮಾದರಿ ರೈಲಿನ ಹುಚ್ಚು ಹತ್ತಿದವರ ಮನೆಯಲ್ಲಿ ಅರ್ಧಕ್ಕೆ ನಿಂತ ಪ್ಲೈವುಡ್ ಹಲಗೆಯೊಂದು ಮಂಚದ ಕೆಳಗೆ ಬಿದ್ದಿರುವುದು ಮಾಮೂಲು. ಮೊದಲ ಯತ್ನಕ್ಕೇ ಇಡೀ ಹುಬ್ಬಳ್ಳಿ ಜಂಕ್ಷನ್ ಕಟ್ಟಲು ಹೊರಟರೆ ಹಾಗೇ ಆಗುತ್ತದೆ. ಹುಬ್ಬಳ್ಳಿಯ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೂ 17 ಮೀಟರ್ ದಾಟುತ್ತದೆ. ಅಷ್ಟುದ್ದದ ಹಜಾರ ಯಾರ ಮನೆಯಲ್ಲಿದೆ?

ಅದರ ಬದಲು ಒಂದೇ ಒಂದು ಚಿಕ್ಕ ಜಾಗ ಆರಿಸಿಕೊಳ್ಳಿ. ಇಬ್ಬರು ಸುಲಭವಾಗಿ ಎತ್ತುವಷ್ಟು ದೊಡ್ಡ ಹಲಗೆಯ ಮೇಲೆ ಅದನ್ನು ಪೂರ್ತಿ ಮುಗಿಸಿ. ಎತ್ತಿಕೊಂಡು ಹೋಗುವಂತಿದ್ದರೆ ಇನ್ನೊಬ್ಬರ ಹಲಗೆಗೆ ಜೋಡಿಸಬಹುದು, ನಾಲ್ಕು ಜನಕ್ಕೆ ತೋರಿಸಬಹುದು. ಈ ಹವ್ಯಾಸದ ಅರ್ಧ ಖುಷಿ ಇರುವುದೇ ಅಲ್ಲಿ.

ಉದಾಹರಣೆಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯನ್ನೇ ತೆಗೆದುಕೊಳ್ಳೋಣ. ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 50ಕ್ಕೂ ಹೆಚ್ಚು ಸುರಂಗ, 100ಕ್ಕೂ ಹೆಚ್ಚು ಸೇತುವೆ. ನಡುವೆ ಎಡಕುಮೇರಿಯಂಥ ಪುಟ್ಟ ಕಾಡಿನ ನಿಲ್ದಾಣ. ಒಂದು ಸುರಂಗದ ಬಾಯಿ, ಒಂದು ಸೇತುವೆ, ಎದುರು ರೈಲಿಗೆ ದಾರಿ ಬಿಡುವ ಒಂದು ಕ್ರಾಸಿಂಗ್ ಲೂಪು: ಇಷ್ಟಿದ್ದರೆ ನೋಡಿದವರು ಜಾಗ ಯಾವುದೆಂದು ತಾವೇ ಹೇಳುತ್ತಾರೆ.

ಜಾಗ ನೋಡಲು ಹಳಿಗುಂಟ ನಡೆದು ಹೋಗಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಆ ಸುರಂಗಗಳಲ್ಲಿ ಜೀವಕ್ಕೂ ಅಪಾಯ. ಹಗಲು ರೈಲಿನ ಕಿಟಕಿ ಸೀಟು ಸಾಕು. 2021ರಿಂದ ಈ ಮಾರ್ಗದಲ್ಲಿ ವಿಸ್ಟಾಡೋಮ್ ಬೋಗಿಗಳೂ ಇವೆ. ಬೋಗಿಯ ಮೆಟ್ಟಿಲು, ಬಫರ್, ಸಿಗ್ನಲ್ ಕೈಮರಗಳ ಅಳತೆ ಬೇಕಿದ್ದರೆ ಟೇಪು ಜೇಬಿನಲ್ಲಿಟ್ಟುಕೊಂಡು ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ.

ಯಾವ ಅಳತೆ?

ಹೊಸಬರ ಮುಂದೆ ಇರುವುದು ಮುಖ್ಯವಾಗಿ ಎರಡು ದಾರಿ. ಎಚ್‌ಒ ಎಂದರೆ 1:87, ಹಳಿಗಳ ನಡುವೆ 16.5 ಮಿ.ಮೀ. ಎನ್ ಎಂದರೆ ಸಾಮಾನ್ಯವಾಗಿ 1:160, ನಡುವೆ 9 ಮಿ.ಮೀ. ನಮ್ಮ ಹಳೆಯ ನೀಲಿ ಐಸಿಎಫ್ ಬೋಗಿ ಬಫರ್‌ನಿಂದ ಬಫರ್‌ಗೆ 22.3 ಮೀಟರ್. ಎಚ್‌ಒನಲ್ಲಿ ಅದು ಸುಮಾರು 25.6 ಸೆಂ.ಮೀ., ಎನ್‌ನಲ್ಲಿ 14 ಸೆಂ.ಮೀ.ನಷ್ಟು. ಅಷ್ಟೇ ಜಾಗದಲ್ಲಿ ಎನ್‌ನ ರೈಲು ಹೆಚ್ಚು ಉದ್ದ ಕಾಣುತ್ತದೆ. ಆದರೆ ಕಣ್ಣಿಗೆ ಚಾಳೀಸು ಬಂದವರಿಗೆ ಎನ್‌ನ ಕಪ್ಲಿಂಗ್ ಜೋಡಿಸುವುದು ದಿನಾ ಒಂದು ಪರೀಕ್ಷೆ. ಕೈಯಾರೆ ಬಣ್ಣ ಬಳಿದು ಭಾರತೀಯ ರೈಲ್ವೆಯ ಬೋಗಿಗಳನ್ನು ಮಾಡಿಕೊಳ್ಳುವ ಆಸೆಯಿದ್ದರೆ ಎಚ್‌ಒ ವಾಸಿ ಎಂಬುದು ನನ್ನ ಅಭಿಪ್ರಾಯ.

ಇಲ್ಲೊಂದು ತಕರಾರು ಇದೆ, ಮೊದಲೇ ತಿಳಿದಿರಲಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅಂದರೆ ಐದೂವರೆ ಅಡಿ. 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯ 16.5 ಮಿ.ಮೀ. ಹಳಿ ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕದ್ದು. ಹಾಗಾಗಿ ನಮ್ಮ ಬೋಗಿ ಅದರ ಮೇಲೆ ನಿಂತಾಗ ಹಳಿ ಸ್ವಲ್ಪ ಇಕ್ಕಟ್ಟಾಗಿಯೇ ಕಾಣುತ್ತದೆ. ಬಹುತೇಕರು ಇದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ, ನೀವೂ ಹೋಗಿ. ಈ ಘಾಟಿಯ ಹಳೆಯ ಮೀಟರ್‌ಗೇಜ್ ಕಾಲವೇ ಬೇಕೆನ್ನುವ ಹಟವಾದಿಗಳಿಗೆ 12 ಮಿ.ಮೀ. ಹಳಿ ಸರಿಹೋಗುತ್ತದೆ. ಖರ್ಚು, ಹುಡುಕಾಟ ಎರಡೂ ಹೆಚ್ಚು.

ಹಲಗೆ

120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಎರಡು ಹಲಗೆ ಮಾಡಿಸಿ. ಒಂದರಲ್ಲಿ ನಿಲ್ದಾಣ, ಇನ್ನೊಂದರಲ್ಲಿ ಸೇತುವೆ, ಸುರಂಗ. ಬಡಗಿಗೆ ಅಳತೆ ಕೊಡುವ ಮುಂಚೆ ಕಾರಿನ ಡಿಕ್ಕಿಯನ್ನು ಅಳೆಯಿರಿ, ಮನೆಯ ಲಿಫ್ಟನ್ನೂ ಅಳೆಯಿರಿ. 12 ಮಿ.ಮೀ. ಪ್ಲೈ ಆದರೆ ಹಲಗೆಯೊಂದೇ ಸುಮಾರು 4 ಕಿಲೋ ತೂಗುತ್ತದೆ. ಕೆಳಗೆ ಪಟ್ಟಿ ಚೌಕಟ್ಟು ಕೊಟ್ಟು 6 ಮಿ.ಮೀ. ಪ್ಲೈ ಹಾಕಿದರೆ ಹಗುರ. ಮಲೆನಾಡು, ಕರಾವಳಿಯವರು ಹಲಗೆಯ ಎರಡೂ ಮುಖಕ್ಕೆ, ಅಂಚಿಗೂ ಪೇಂಟ್ ಹೊಡೆಯದೆ ಮುಂದಕ್ಕೆ ಹೋಗಬಾರದು. ಒಂದೇ ಮುಖಕ್ಕೆ ಹೊಡೆದರೆ ಮಳೆಗಾಲದಲ್ಲಿ ಇನ್ನೊಂದು ಮುಖ ತೇವ ಕುಡಿದು ಹಲಗೆ ಬಾಗುತ್ತದೆ.

ಘಾಟಿ ಎಂದರೆ ರೈಲು ಏರಲೇಬೇಕಲ್ಲ ಎನ್ನಿಸುವುದು ಸಹಜ. ಅಸಲಿ ಮಾರ್ಗದ ಏರು 50ಕ್ಕೆ 1. ಅದೇ ಲೆಕ್ಕದಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಹಾಯಲು ಬೇಕಾದ 8 ಸೆಂ.ಮೀ. ಎತ್ತರ ಏರಲು 4 ಮೀಟರ್ ಹಳಿ ಬೇಕು. ಅಷ್ಟು ಜಾಗ ನಮ್ಮಲ್ಲಿಲ್ಲ. ಏರನ್ನು ಕಡಿದಾಗಿಸಿದರೆ ಎಂಜಿನ್ ಚಕ್ರ ಜಾರುತ್ತದೆ. ಹಾಗಾಗಿ ಹಳಿಯನ್ನು ಮಟ್ಟವಾಗಿಯೇ ಇಟ್ಟು, ನೆಲವನ್ನು ಕೆಳಕ್ಕಿಳಿಸಿ. ಎರಡನೇ ಹಲಗೆಯಲ್ಲಿ ಹಳಿಯ ಅಡಿಗೆ ಪ್ಲೈನ ಒಂದು ಪಟ್ಟಿ ಮಾತ್ರ ಉಳಿಸಿ. ಮುಂದುಗಡೆ 10–12 ಸೆಂ.ಮೀ. ಆಳಕ್ಕೆ ಹಳ್ಳ ತೋಡಿದಂತೆ ಚೌಕಟ್ಟು ಮಾಡಿಸಿ. ಕೆಳಗೆ ತೊರೆ, ಮೇಲೆ ಸೇತುವೆ, ಹಿಂದೆ ಕಡಿದಾದ ಗುಡ್ಡ. ರೈಲು ಒಂದು ಮಿಲಿಮೀಟರ್ ಕೂಡ ಏರದೆ ಘಾಟಿ ಸಿದ್ಧ. ಸೇತುವೆಯ ಗರ್ಡರ್‌ಗಳಿಗೆ ಬೋರ್ಡ್ ಬರೆಯುವವರ ಹತ್ತಿರ ಸಿಗುವ ಸನ್‌ಬೋರ್ಡ್ ಚೆನ್ನಾಗಿ ಒದಗುತ್ತದೆ.

ಹಳಿ, ವೈರು

ಹಲಗೆಯ ಮೇಲೆ 3 ಮಿ.ಮೀ. ಕಾರ್ಕ್ ಹಾಳೆ, ಅದರ ಮೇಲೆ ಹಳಿ. ನಿಲ್ದಾಣದ ಲೂಪಿಗೆ ಎರಡು ಪಾಯಿಂಟು, ಅಂದರೆ ಹಳಿ ಕವಲೊಡೆಯುವ ತುಂಡು. ಅವು ತಿನ್ನುವ ಜಾಗ ಕಳೆದರೆ ಒಂದು ಎಂಜಿನ್, ಎರಡು ಬೋಗಿ ನಿಲ್ಲುವಷ್ಟು ಲೂಪು ಉಳಿಯುತ್ತದೆ. ಚಿಕ್ಕದಾಯಿತೆಂದು ಕೊರಗಬೇಡಿ. ರೈಲಿನ ಬಾಲ ಸುರಂಗದೊಳಗೇ ಇದ್ದರೆ ಎಷ್ಟು ಬೋಗಿ ಎಂದು ಯಾರಿಗೂ ಲೆಕ್ಕ ಸಿಗುವುದಿಲ್ಲ.

ಹಳಿ ಕೂಡುವ ಕಡೆ ಹಾಕುವ ಲೋಹದ ಜೋಡಣೆಯನ್ನು ನಂಬಿ ಕೂತರೆ ಆರು ತಿಂಗಳಲ್ಲಿ ಕರೆಂಟು ಕೈಕೊಡುತ್ತದೆ. ಪ್ರತಿ ಹಳಿ ತುಂಡಿಗೂ ಪ್ರತ್ಯೇಕವಾಗಿ ತೆಳು ವೈರು ಬೆಸುಗೆ ಹಾಕಿ ಹಲಗೆಯ ಕೆಳಗಿನ ಎರಡು ದಪ್ಪ ವೈರಿಗೆ ಸೇರಿಸಿ. ಹಿಂದಿನ ಹಳಿಗೆ ಕೆಂಪು, ಮುಂದಿನದಕ್ಕೆ ಕಪ್ಪು ಎಂದು ಒಮ್ಮೆ ಗೊತ್ತು ಮಾಡಿಕೊಂಡರೆ ಕೊನೆಯವರೆಗೂ ಅದೇ. ಬೇಸಿಗೆಯಲ್ಲಿ ಹಳಿ ಹಿಗ್ಗುವುದರಿಂದ ಅಲ್ಲಲ್ಲಿ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಬಿಡಿ. ಹೊರಟ ಹಳಿ ಸುತ್ತಿ ತಿರುಗಿ ಬಂದು ಎದುರು ದಿಕ್ಕಿನಿಂದ ತನ್ನನ್ನೇ ಸೇರುವ ನಕ್ಷೆ ಮಾತ್ರ ಸದ್ಯಕ್ಕೆ ಬೇಡ. ಅಲ್ಲಿ ಎಡ ಹಳಿ ಬಲ ಹಳಿಗೆ ತಾಗಿ ಶಾರ್ಟ್ ಆಗುತ್ತದೆ. ಅದಕ್ಕೆ ಬೇರೆಯೇ ಏರ್ಪಾಡು ಬೇಕು.

ಶುರುವಿಗೆ 12 ವೋಲ್ಟಿನ ಸಾದಾ ಡಿಸಿ ಕಂಟ್ರೋಲರ್ ಸಾಕು. ಮುಂದೆ ಹಲವರ ಹಲಗೆ ಸೇರಿ ಒಂದೇ ಹಳಿಯಲ್ಲಿ ಮೂರು ನಾಲ್ಕು ರೈಲು ಓಡಬೇಕಾದಾಗ ಡಿಸಿಸಿ ಬೇಕಾಗುತ್ತದೆ. ಅದರಲ್ಲಿ ಪ್ರತಿ ಎಂಜಿನ್ನಿನೊಳಗೂ ಒಂದು ಚಿಪ್ ಇದ್ದು, ಅದು ತನ್ನ ನಂಬರಿಗೆ ಬಂದ ಆಜ್ಞೆಗೆ ಮಾತ್ರ ಓಗೊಡುತ್ತದೆ. ದಪ್ಪ ವೈರು ಈಗಲೇ ಎಳೆದಿದ್ದರೆ ಆಗ ಏನನ್ನೂ ಕೀಳಬೇಕಿಲ್ಲ.

ಇನ್ನು ಒಂದು ವಾರ ಏನೂ ಅಂಟಿಸಬೇಡಿ. ಬರಿ ಹಳಿಯ ಮೇಲೆ ರೈಲು ಓಡಿಸಿ. ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಿಂದ ನಿಧಾನಕ್ಕೆ ತಳ್ಳುತ್ತ ಹೋಗಿ. ಎಲ್ಲಿ ಟಿಕ್ ಎನ್ನುತ್ತದೋ ಅಲ್ಲಿ ಸಂದು ಎತ್ತರಿಸಿದೆ ಎಂದರ್ಥ, ಅರದಿಂದ ಉಜ್ಜಿ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೂ ಮೂಲೆಗಳು ಹೊರಕ್ಕೂ ಚಾಚುತ್ತವೆ. ಸುರಂಗದ ಬಾಯಿಯ ಅಗಲ ಗೊತ್ತು ಮಾಡುವಾಗ ಅದೇ ಬೋಗಿಯನ್ನು ಅಲ್ಲಿ ನಿಲ್ಲಿಸಿ ಗೆರೆ ಎಳೆಯಿರಿ. ಸುರಂಗಕ್ಕೆ ಹಿಂದಿನಿಂದ ಕೈ ಹೋಗುವಷ್ಟು ಕಿಂಡಿಯೂ ಇರಲಿ. ಬೋಗಿ ಹಳಿ ತಪ್ಪುವುದು ಯಾವಾಗಲೂ ಕೈ ನಿಲುಕದ ಕಡೆಯೇ.

ಜಲ್ಲಿ

ಇದಕ್ಕೆ ಪುರುಸೊತ್ತು ಬೇಕು. ಅಸಲಿ ಹಳಿಯ 50 ಮಿ.ಮೀ. ಜಲ್ಲಿಕಲ್ಲು ನಮ್ಮ ಅಳತೆಯಲ್ಲಿ 0.6 ಮಿ.ಮೀ. ಕೂಡ ಆಗುವುದಿಲ್ಲ. ಅಂಗಡಿಯ ಪೊಟ್ಟಣಗಳಲ್ಲಿ ಬರುವುದು ಹೆಚ್ಚಾಗಿ ಅದಕ್ಕಿಂತ ದಪ್ಪ. ಮನೆ ಕಟ್ಟುತ್ತಿರುವ ಕಡೆಯಿಂದ ಒಂದು ಬೊಗಸೆ ಎಂ-ಸ್ಯಾಂಡ್ ತಂದು ತೊಳೆದು ಒಣಗಿಸಿ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಇನ್ನೊಮ್ಮೆ ತೆಳು ಬಟ್ಟೆಯಲ್ಲಿ ಜಾಡಿಸಿ ಧೂಳು ಬಿಡಿಸಿ. ಆಮೇಲೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಹುಡಿ ಉಳಿದರೆ ಎಂಜಿನ್ನಿನ ಮೋಟಾರು ಅದನ್ನು ಎಳೆದುಕೊಳ್ಳುತ್ತದೆ.

ಸ್ಲೀಪರ್‌ಗಳ ನಡುವೆ ಚಮಚೆಯಿಂದ ಉದುರಿಸಿ, ಮೆದು ಬ್ರಶ್ಶಿನಿಂದ ಸಮ ಮಾಡಿ. ಪಾತ್ರೆ ತೊಳೆಯುವ ದ್ರವ ಒಂದು ಹನಿ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ. ಆ ಹನಿ ಇಲ್ಲದಿದ್ದರೆ ನೀರು ಗುಂಡು ಗುಂಡಾಗಿ ನಿಂತು ಕಲ್ಲನ್ನು ಎತ್ತಿಕೊಂಡು ಹೊರಳುತ್ತದೆ. ಬಳಿಕ ಬಿಳಿ ಫೆವಿಕಾಲನ್ನು ಅಷ್ಟೇ ನೀರಿನಲ್ಲಿ ಕದಡಿ, ಸೂಜಿ ತೆಗೆದ ಸಿರಿಂಜಿನಿಂದ ಹನಿ ಹನಿಯಾಗಿ ಬಿಡಿ. ಪಾಯಿಂಟಿನ ಚಲಿಸುವ ನಾಲಿಗೆಯ ಹತ್ತಿರ ಅಂಟು ಹೋಗಲೇಬಾರದು. ಒಂದು ರಾತ್ರಿ ಒಣಗಲಿ.

ಕಾಡು, ಬಂಡೆ

ಗುಡ್ಡದ ಒಡಲಿಗೆ ಥರ್ಮಾಕೋಲ್ ಅಗ್ಗ. ಆದರೆ ಸ್ಪ್ರೇ ಪೇಂಟ್, ರಬ್ಬರ್ ಅಂಟು ತಗುಲಿದರೆ ಕರಗಿಹೋಗುತ್ತದೆ. ಅದರ ಮೇಲೆ ಮೊದಲು ಫೆವಿಕಾಲ್‌ನಲ್ಲಿ ಅದ್ದಿದ ನ್ಯೂಸ್ ಪೇಪರ್ ಹೊದಿಸಿ, ನಂತರ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ. ಮುದುರಿ ಬಿಡಿಸಿದ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯಲ್ಲಿ ಪ್ಲಾಸ್ಟರ್ ಹುಯ್ದು, ಗಟ್ಟಿಯಾಗುವ ಮುಂಚೆ ಗುಡ್ಡಕ್ಕೆ ಒತ್ತಿದರೆ ಬಂಡೆಯ ಮುಖ ಬರುತ್ತದೆ. ಸುರಂಗದ ಬಾಯಿಗೆ ತಿಳಿ ಕಪ್ಪು ಬಣ್ಣದ ಇಳಿಜಾರು ಕಲೆ, ಅಂಚಿಗೆ ಪಾಚಿ ಹಸಿರು. ಈ ಘಾಟಿಯಲ್ಲಿ ಹೊಸದಾಗಿ ಸುಣ್ಣ ಬಳಿದಂತಿರುವ ಕಲ್ಲು ಇರುವುದಿಲ್ಲ.

ಮರಗಳ ಎತ್ತರದಲ್ಲಿ ಬಹಳ ಜನ ಎಡವುತ್ತಾರೆ. ಘಾಟಿಯ 30 ಮೀಟರ್ ಮರ ಎಚ್‌ಒನಲ್ಲಿ 34 ಸೆಂ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ 8–10 ಸೆಂ.ಮೀ. ಮರ ಇಲ್ಲಿ ಪೇರಲ ಗಿಡದಂತೆ ಕಾಣುತ್ತದೆ. ಹಳೆಯ ಕೇಬಲ್ಲಿನ ತಾಮ್ರದ ಎಳೆಗಳನ್ನು ಹುರಿಮಾಡಿ ಮೂರು ನಾಲ್ಕು ದೊಡ್ಡ ಮರ ಮಾಡಿ ಎರಡೂ ಬದಿಗೆ ನೆಡಿ. ಹಿಂಬದಿಯ ಕಾಡಿಗೆ ಕಾಂಡವೇ ಬೇಡ. ಹಳೆ ಮಿಕ್ಸಿಯಲ್ಲಿ ತರಿದು ಮೂರು ನಾಲ್ಕು ಬಗೆಯ ಹಸಿರು ಹಾಕಿದ ಸ್ಪಂಜಿನ ನೆತ್ತಿಗಳು ಸಾಕು. ಸಕಲೇಶಪುರದ ಕಡೆ ತೋರಿಸುವುದಾದರೆ ಕಾಫಿ ಗಿಡ, ನೆರಳಿಗೆ ಸಿಲ್ವರ್ ಓಕ್. ಘಾಟಿಯ ನಟ್ಟನಡುವೆ ತೆಂಗಿನ ತೋಟ ಹಾಕಿದರೆ ಮಾತ್ರ ಹಾಸನದವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.

ಹಲಗೆ ಹಲಗೆ ಸೇರಿದಾಗ

ಬೇರೆ ಬೇರೆ ಮನೆಯಲ್ಲಿ ಕಟ್ಟಿದ ಹಲಗೆಗಳು ಒಂದೆಡೆ ಸೇರಿ ಓಡಬೇಕೆಂದರೆ ಅಂಚುಗಳು ಒಂದೇ ಥರ ಇರಬೇಕು. ನೆಲದಿಂದ ಹಳಿಯ ಎತ್ತರ, ಮುಂದಿನ ಅಂಚಿನಿಂದ ಹಳಿ ಇರುವ ದೂರ, ವೈರಿನ ಬಣ್ಣ, ಪ್ಲಗ್ಗಿನ ಜಾತಿ ಈ ನಾಲ್ಕನ್ನು ಗೆಳೆಯರೆಲ್ಲ ಕೂತು ಮೊದಲೇ ಬರೆದಿಟ್ಟುಕೊಳ್ಳಿ. ನಡುವೆ ಏನು ಕಟ್ಟುತ್ತೀರೆಂಬುದು ಅವರವರ ಇಷ್ಟ. ಜಪಾನಿನಲ್ಲಿ ಹುಟ್ಟಿದ ಟಿ-ಟ್ರಾಕ್ ಪದ್ಧತಿ ಇದೇ ತತ್ವದ್ದು. ಎನ್ ಅಳತೆಯ ಜೋಡಿ ಹಳಿ ಹೊತ್ತ, ಸುಮಾರು ಒಂದಡಿ ಉದ್ದದ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಚುಚ್ಚಿ ಕೂಡಿಸುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತದೆಂದು ನೋಡಬೇಕಿದ್ದರೆ ಪುಣೆಯ ಕೊತ್ರೂಡಿನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಹ್ಯಾಂಬರ್ಗಿನ ಕಡೆ ಹೋಗುವ ಯೋಗವಿದ್ದರೆ 2001ರಲ್ಲಿ ಶುರುವಾದ ಮಿನಿಯೇಚರ್ ವಂಡರ್‌ಲ್ಯಾಂಡ್‌ಗೆ ಒಂದು ದಿನ ಎತ್ತಿಡಿ.

ನಿಮ್ಮ ಕೆಲಸವನ್ನು ಇತರರ ಜತೆ ಹಂಚಿಕೊಳ್ಳುವಾಗ ಚಂದದ ಫೋಟೊ ಒಂದನ್ನೇ ಕಳಿಸಬೇಡಿ. ಅಳತೆ ಬರೆದ ಕೈನಕ್ಷೆ, ಹಲಗೆಯ ಕೆಳಗಿನ ವೈರಿನ ಚಿತ್ರ, ಗುಡ್ಡ ಮುಚ್ಚುವ ಮುಂಚಿನ ಅಸ್ಥಿಪಂಜರದ ಚಿತ್ರ: ಹೊಸಬರಿಗೆ ಉಪಯೋಗಕ್ಕೆ ಬರುವುದು ಇವು. ಫೋಟೊಗೆ ಫೋನನ್ನು ತಲೆಕೆಳಗು ಹಿಡಿಯಿರಿ, ಲೆನ್ಸು ಹಳಿಯ ಮಟ್ಟಕ್ಕೆ ಇಳಿಯುತ್ತದೆ. 2 ಸೆಂ.ಮೀ. ಎತ್ತರದ ಗ್ಯಾಂಗ್‌ಮನ್ ಗೊಂಬೆಯ ಕಣ್ಣಿಗೆ ಕಂಡಂತೆ ಚಿತ್ರ ಬಂದರೆ ಗುಡ್ಡ ಗುಡ್ಡವಾಗಿಯೇ ಕಾಣುತ್ತದೆ. ಟ್ಯೂಬ್‌ಲೈಟ್ ಆರಿಸಿ, ಒಂದು ಬದಿಯ ಕಿಟಕಿ ಬೆಳಕು ಬಳಸಿ.

ಶಾಲೆಯಲ್ಲೋ ಬಡಾವಣೆಯ ಹಬ್ಬದಲ್ಲೋ ಪ್ರದರ್ಶನಕ್ಕಿಡುವಾಗ ಹಲಗೆ ಮಕ್ಕಳ ಎದೆಮಟ್ಟಕ್ಕಿರಲಿ, ಮುಂದೆ ಅಂಗೈ ಅಗಲದ ಅಕ್ರಿಲಿಕ್ ಪಟ್ಟಿ ಇರಲಿ. ಒಬ್ಬರು ಓಡಿಸಲು, ಇನ್ನೊಬ್ಬರು ಪ್ರಶ್ನೆಗಳಿಗೆ ಉತ್ತರಿಸಲು ಬೇಕು, ಎರಡನ್ನೂ ಒಬ್ಬರೇ ಮಾಡಲಾಗದು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಹಳಿ ಒರೆಸಿ. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಎಂಜಿನ್ ಎರಡಾದರೂ ಇರಲಿ. ಒಂದು ಬಿಸಿಯಾದಾಗ ಇನ್ನೊಂದನ್ನು ಹಳಿಗಿಳಿಸಿ, ಬಿಡುವು ಸಿಕ್ಕಿದ್ದರ ಚಕ್ರ ಒರೆಸಿಡಿ.