ನೂರ್ ಎಂದು ಬರೆಯುವುದೋ, ನೂರು ಎಂದೋ?

ಕಳೆದ ತಿಂಗಳು ನಮ್ಮ ಆಪಾಗೆ ಹೆಣ್ಣು ಮಗು ಹುಟ್ಟಿತು. ಚೊಚ್ಚಲ ಬಾಣಂತನವಾದ್ದರಿಂದ ಚಾಮರಾಜನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಏಳನೆಯ ದಿನದ ಅಕೀಕಾಕ್ಕೆ ಗುಂಡ್ಲುಪೇಟೆಯಿಂದ ಭಾವನ ಮನೆಯವರು ಬರುವವರಿದ್ದರು, ಹೆಸರು ಇನ್ನೂ ಗೊತ್ತಾಗಿರಲಿಲ್ಲ. ನಾನು ಅಕೌಂಟೆನ್ಸಿ ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಾಲಂ ಎಳೆದೆ: ಉರ್ದು, ಕನ್ನಡ, ಇಂಗ್ಲಿಷ್.

ಇದಕ್ಕೆ ಕಾರಣ ಆಪಾಳ ಹೆಸರೇ. ಅವಳು ಜೀನತ್. ಅಂಕಪಟ್ಟಿಯಲ್ಲಿ ಅದು ‘ಝಡ್’ನಿಂದ ಶುರುವಾಗಿ ‘ಟಿಎಚ್’ನಲ್ಲಿ ಮುಗಿಯುತ್ತದೆ. ಆಧಾರ್‌ನಲ್ಲಿ ‘ಜೆ’ಯಿಂದ ಶುರುವಾಗಿ ಬರೀ ‘ಟಿ’ಯಲ್ಲಿ ಮುಗಿಯುತ್ತದೆ. ಎರಡೂ ತಾಳೆಯಾಗದೆ ಒಂದು ವರ್ಷದ ಸ್ಕಾಲರ್‌ಶಿಪ್ ಅವಳ ಕೈತಪ್ಪಿತು. ಅಬ್ಬಾ ಕೆಲಸ ಬಿಟ್ಟು ಅಲೆದದ್ದು ಬೇರೆ. ಉರ್ದುವಿನಲ್ಲಿ ಆ ಒಂದು ಉಚ್ಚಾರಕ್ಕೆ ನಾಲ್ಕು ಅಕ್ಷರಗಳಿವೆ. ಕನ್ನಡದಲ್ಲಿ ಬೇಕೆಂದರೆ ‘ಜ’ದ ಕೆಳಗೆ ಚುಕ್ಕೆ ಇಟ್ಟು ‘ಜ಼’ ಎಂದು ಬರೆಯಬೇಕು, ಅಷ್ಟು ವ್ಯವಧಾನ ಯಾರಿಗಿದೆ? ‘ತ್’ಗೆ ನಮ್ಮ ಕಡೆ ‘ಟಿಎಚ್’ ಬರೆಯುವುದು ರೂಢಿ, ಉತ್ತರದವರು ‘ಟಿ’ ಬರೆಯುತ್ತಾರೆ. ನಮ್ಮ ತರಗತಿಯಲ್ಲೇ ಮೂವರು ಫಾತಿಮಾಗಳಿದ್ದಾರೆ, ಸ್ಪೆಲ್ಲಿಂಗ್ ಮೂರು ಬಗೆ!

ಮೊದಲು ಬಂದ ಹೆಸರು ಸನಾ. ಉರ್ದುವಿನಲ್ಲಿ ‘ಸೀನ್’ನಿಂದ ಬರೆದರೆ ಹೊಳಪು, ‘ಸೇ’ಯಿಂದ ಬರೆದರೆ ಸ್ತುತಿ. ಕೇಳಲು ಎರಡೂ ಒಂದೇ. “ಶಾಲೆಯಲ್ಲಿ ಎಲ್ಲರೂ ಸಣ್ಣ ಸಣ್ಣ ಅಂತಾರೆ, ಹುಡುಗಿ ದಪ್ಪಗಿದ್ದರೆ ಏನು ಗತಿ?” ಎಂದು ಭಾವ ಫೋನಿನಲ್ಲೇ ನಕ್ಕರು.

ದಾದಿಗೆ ಇಷ್ಟವಾದದ್ದು ನೂರ್, ಅಂದರೆ ಬೆಳಕು. ಕುರ್‌ಆನಿನ 24ನೇ ಸೂರಾದ ಹೆಸರೂ ಅನ್ನೂರ್. ತೊಡಕಿದ್ದದ್ದು ನನ್ನ ಎರಡನೇ ಕಾಲಮಿನಲ್ಲಿ. ಕನ್ನಡದ ಬಾಯಿಗೆ ಕೊನೆಯಲ್ಲಿ ‘ಉ’ ಬೇಕು, ನೂರ್ ಹೋಗಿ ನೂರು ಆಗುತ್ತದೆ. ಹಾಗೆಂದಾಗ ದಾದಿ, “ನೂರು ಅಂದರೆ ಕಡಿಮೆಯೇನೇ? ನಿನಗೆ ಪರೀಕ್ಷೆಯಲ್ಲಿ ನೂರಕ್ಕೆ ಎಷ್ಟು ಬಂತು?” ಎಂದರು. ನಾನು ಮತ್ತೆ ಮಾತಾಡಲಿಲ್ಲ.

ಅಮ್ಮಿ ಅದಕ್ಕೆ ಬಾನು ಸೇರಿಸಿದರು. ಫಾರಸಿಯಲ್ಲಿ ಬಾನು ಎಂದರೆ ಗೌರವಸ್ಥ ಹೆಣ್ಣುಮಗಳು, ಕನ್ನಡದಲ್ಲಿ ಆಕಾಶ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಪತ್ರಿಕೆಗಳಲ್ಲೆಲ್ಲ ಆ ಹೆಸರು ನೋಡಿದ್ದೆ. ಎರಡು ಭಾಷೆಯಲ್ಲೂ ಒಳ್ಳೆಯ ಅರ್ಥವಿದೆ ಎಂದು ಮಾತ್ರ ಆಗ ಹೊಳೆದಿರಲಿಲ್ಲ. (ಮುಷ್ತಾಕ್‌ನ ‘ಕ್’ ನಮ್ಮ ದಖ್ಖನಿಯಲ್ಲಿ ‘ಖ್’ ಆಗುತ್ತದೆ, ಅದು ಬೇರೆ ಕಥೆ.) “ನೂರ್ ಬಾನು ಅಂದರೆ ಅಜ್ಜಿಯರ ಹೆಸರಿನ ಹಾಗಿದೆ” ಎಂದು ಆಪಾ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಅವಸರವೇನೂ ಇರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನದೊಳಗೆ ತಿಳಿಸಬೇಕು, ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲ, ಅನಂತರ 15 ವರ್ಷದವರೆಗೆ ತಡ ಶುಲ್ಕ ಕಟ್ಟಬೇಕು. ಆದರೆ ಬರೆಸುವಾಗ ಎಚ್ಚರ ಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಲೈಸೆನ್ಸಿಗೆ ಹುಟ್ಟಿದ ದಿನಾಂಕದ ದಾಖಲೆ ಎಂದರೆ ಜನನ ಪ್ರಮಾಣಪತ್ರವೇ. ಅಲ್ಲಿ ತಪ್ಪಿದ ಅಕ್ಷರ ಎಲ್ಲ ಕಡೆಗೂ ಹಿಂಬಾಲಿಸುತ್ತದೆ.

ಕೊನೆಗೆ ಆಪಾ ಒಪ್ಪಿದಳು: ನೂರ್ ಬಾನು, ಎರಡು ಪದ, ಇಂಗ್ಲಿಷಿನಲ್ಲಿ ಎರಡು ‘ಓ’. ಅರ್ಜಿ ಕೊಡಲು ಭಾವನ ಜೊತೆ ನಾನೂ ಹೋದೆ. ಪ್ರಿಂಟ್ ತೆಗೆಯುವ ಮೊದಲು ಒಮ್ಮೆ ಪರದೆ ತೋರಿಸಿ ಎಂದು ಕೇಳಿದೆ. ‘ನೂರು ಬಾನು’ ಎಂದಿತ್ತು. ಹಾಳೆಯನ್ನು ಮುಂದಿಟ್ಟೆ, ತಿದ್ದಿಕೊಟ್ಟರು. ಮನೆಯಲ್ಲಿ ದಾದಿ ಮಾತ್ರ ಈಗಲೂ ಮಗುವನ್ನು ನೂರೂ ಎಂದೇ ಕರೆಯುತ್ತಾರೆ.