ಕಾನೂನು ಪದಪರಿಚಯ: ‘ಗ್ರಾಹ್ಯ’ ಎಂದರೇನು?

ಜಮೀನಿನ ದಾವೆ ನಡೆಸಿದ ಬೆಳೆಗಾರ ಬಂಧುಗಳು ‘ಈ ಪತ್ರ ಸಾಕ್ಷ್ಯವಾಗಿ ಗ್ರಾಹ್ಯವಲ್ಲ’ ಎಂಬ ಮಾತನ್ನು ಕೇಳಿರಬಹುದು. ಪತ್ರವನ್ನು ಸುಳ್ಳೆಂದರು ಎಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ.

‘ಗ್ರಾಹ್ಯ’ ಸಂಸ್ಕೃತದಿಂದ ಬಂದ ಶಬ್ದ, ‘ತೆಗೆದುಕೊಳ್ಳತಕ್ಕದ್ದು’ ಎಂದರ್ಥ. ಗ್ರಾಹಕ, ಸಂಗ್ರಹ ಎಂಬುವೂ ಇದೇ ಧಾತುವಿನವು. ಸಾಕ್ಷಿ ಎಂದರೆ ಕಂಡದ್ದನ್ನು ಹೇಳುವ ವ್ಯಕ್ತಿ. ಸಾಕ್ಷ್ಯ ಎಂದರೆ ಆತನ ಹೇಳಿಕೆ ಅಥವಾ ಹಾಜರುಪಡಿಸಿದ ದಸ್ತಾವೇಜು. ರುಜುವಾತು ಎಂದರೆ ಅದರಿಂದ ಸಂಗತಿ ಸ್ಥಿರಪಡುವುದು. ಅಡಿಕೆ ಮೂಟೆ ಮಂಡಿಯೊಳಗೆ ಬಂದ ಮೇಲಷ್ಟೇ ಅದರ ದರ್ಜೆ ನೋಡುವಂತೆ, ಸಾಕ್ಷ್ಯ ಗ್ರಾಹ್ಯವಾದ ಮೇಲಷ್ಟೇ ಅದು ನಂಬತಕ್ಕದ್ದೇ ಎಂಬ ವಿಚಾರ.

ಒಂದು ಉದಾಹರಣೆ. ಬೆಳಕವಾಡಿಯ ಬೆಳೆಗಾರರೊಬ್ಬರು 20 ಗುಂಟೆ ಅಡಿಕೆ ತೋಟವನ್ನು ಬಿಳಿ ಕಾಗದದ ಮೇಲೆ ಕ್ರಯಕ್ಕೆ ಬರೆಸಿಕೊಂಡರೆಂದು ಭಾವಿಸೋಣ. ಹಣ ಕೊಟ್ಟದ್ದು ನಿಜ, ಸಾಕ್ಷಿಗಳ ರುಜುವೂ ನಿಜ. ಆದರೂ ಆ ಪತ್ರಕ್ಕೆ ಎರಡು ಅಡ್ಡಿಗಳಿವೆ.

ಮೊದಲನೆಯದು ಮುದ್ರಾಂಕ. 1957ರ ಕರ್ನಾಟಕ ಸ್ಟಾಂಪು ಕಾಯಿದೆಯ 34ನೆಯ ಪ್ರಕರಣದಂತೆ, ತಕ್ಕ ಶುಲ್ಕ ತೆರದ ಪತ್ರ ಗ್ರಾಹ್ಯವಲ್ಲ. ಕಡಿಮೆ ಬಿದ್ದ ಶುಲ್ಕವನ್ನೂ ಅದರ 10 ಪಟ್ಟು ದಂಡವನ್ನೂ ಕಟ್ಟಿದರೆ ಈ ದೋಷ ನೀಗುತ್ತದೆ.

ಎರಡನೆಯದು ನೋಂದಣಿ. 1908ರ ನೋಂದಣಿ ಕಾಯಿದೆಯಂತೆ 100 ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ನೋಂದಣಿಯಾಗಲೇಬೇಕು. ಆಗದಿದ್ದರೆ ಅದು ಹಕ್ಕು ಬದಲಾಯಿತೆಂಬುದಕ್ಕೆ ಗ್ರಾಹ್ಯವಲ್ಲ. ಈ ದೋಷ ಸ್ಟಾಂಪಿನ ದಂಡದಿಂದ ನೀಗದು. ಶುಲ್ಕ ಸರಿಯಿದ್ದಲ್ಲಿ, ತೋಟ ಯಾವಾಗಿನಿಂದ ಯಾರ ಸ್ವಾಧೀನದಲ್ಲಿದೆ ಎಂಬಂಥ ಪಕ್ಕದ ಸಂಗತಿಗೆ ಮಾತ್ರ ಅದನ್ನು ನೋಡಬಹುದು. ಆದ್ದರಿಂದ ಒಂದೇ ಪತ್ರ ಒಂದು ಸಂಗತಿಗೆ ಗ್ರಾಹ್ಯವಾಗಿ, ಇನ್ನೊಂದಕ್ಕೆ ಅಗ್ರಾಹ್ಯವಾಗಬಹುದು.

ಹಾಗೆಯೇ, ಗ್ರಾಹ್ಯವಾದ ಮಾತ್ರಕ್ಕೆ ದಾವೆ ಗೆದ್ದಂತಲ್ಲ. ಪಹಣಿ ಗ್ರಾಹ್ಯ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದಂತೆ ಅದರ ನಮೂದನ್ನು ವಿರುದ್ಧ ಸಂಗತಿ ರುಜುವಾತಾಗುವವರೆಗೆ ಸತ್ಯವೆಂದು ಭಾವಿಸುತ್ತಾರೆ. ಆದರೆ ಪಹಣಿಯೊಂದೇ ಮಾಲೀಕತ್ವದ ಪತ್ರವಾಗದು.

1872ರ ಸಾಕ್ಷ್ಯ ಕಾಯಿದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಆದರೂ ಸ್ಟಾಂಪು, ನೋಂದಣಿಗಳ ಮೇಲ್ಕಂಡ ನಿಯಮಗಳು ಹಾಗೆಯೇ ಉಳಿದಿವೆ.

ಕ್ರಯಪತ್ರವನ್ನು ರುಜು ಮಾಡಿದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಅನಿವಾರ್ಯ ಕಾರಣವಿದ್ದರೆ ದಂಡ ತೆತ್ತು ಇನ್ನೂ 4 ತಿಂಗಳ ಅವಕಾಶ ಕೇಳಬಹುದು. ಬೆಳೆಗಾರ ಬಂಧುಗಳು ಮನೆಯ ಪೆಟ್ಟಿಗೆಯಲ್ಲಿರುವ ಪತ್ರಗಳನ್ನು ಒಮ್ಮೆ ಬಿಚ್ಚಿ, ಸ್ಟಾಂಪು, ನೋಂದಣಿ ಸಂಖ್ಯೆ, ತಾರೀಖುಗಳನ್ನು ನೋಡಿಕೊಳ್ಳುವುದು ಒಳಿತು. ಕೊರತೆ ಕಂಡರೆ, ಬರೆದುಕೊಟ್ಟವರು ಬದುಕಿರುವಾಗಲೇ, ವಕೀಲರ ಸಲಹೆ ಪಡೆದು ಸರಿಪಡಿಸಿಕೊಳ್ಳಬೇಕು.