ಒಂದೇ ಹೆಸರು, ಎರಡು ಸೇತುವೆ: ಆನ್‌ಲೈನ್ ಪಾಠಗಳಲ್ಲಿ ಆಸನಗಳ ಹೆಸರಿನ ಗೊಂದಲ

ಅಭ್ಯಾಸ ಬೋಧನೆಯ ಮೂರನೆಯ ವಾರ. ನನ್ನ ಬೋಧನಾ ವಿಷಯಗಳು ವಿಜ್ಞಾನ ಮತ್ತು ಗಣಿತ. ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗಿದ್ದರಿಂದ 8ನೇ ತರಗತಿಯ ಯೋಗದ ಅವಧಿ ನನ್ನ ಪಾಲಿಗೆ ಬಂತು. ಆಯುಷ್ ಸಚಿವಾಲಯದ ಕಾಮನ್ ಯೋಗ ಪ್ರೋಟೋಕಾಲ್‌ನ ಆಸನಗಳನ್ನು ಕಾಲೇಜಿನಲ್ಲಿ ಮಾಡಿದ್ದೆವಲ್ಲ ಎಂಬ ಧೈರ್ಯದಿಂದ ಒಪ್ಪಿಕೊಂಡೆ. ಮೊದಲ ದಿನ ಗಂಟೆ ಹೊಡೆಯುವಾಗ, "ನಾಳೆ ಸೇತುಬಂಧಾಸನ ಮಾಡೋಣ, ಮನೆಯಲ್ಲಿ ಮೊಬೈಲ್‌ನಲ್ಲಿ ಒಮ್ಮೆ ನೋಡಿಕೊಂಡು ಬನ್ನಿ" ಎಂದೆ. ಈ ಲೇಖನ ಆ ಒಂದು ವಾಕ್ಯದಿಂದ ಆದ ಎಡವಟ್ಟಿನ ಬಗ್ಗೆ.

ಮರುದಿನ ಜಮಖಾನ ಹಾಸುವ ಮೊದಲೇ ಒಬ್ಬ ಹುಡುಗ ಮುಂದೆ ಬಂದ. "ಮಿಸ್, ನಾನು ಆಗ್ಲೇ ಕಲ್ತ್ಕೊಂಡು ಬಂದಿದೀನಿ, ತೋರಿಸ್ಲಾ?" ಎಂದ. ಸಂತೋಷದಿಂದ ಹೂಂ ಎಂದೆ. ಅವನು ಅಂಗಾತ ಮಲಗಿ, ಹಿಮ್ಮಡಿ ಜೋಡಿಸಿ, ಕತ್ತನ್ನು ಹಿಂದಕ್ಕೆ ಬಾಗಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮೈಯನ್ನು ಮೇಲಕ್ಕೆತ್ತಿಬಿಟ್ಟ. ನೆಲಕ್ಕೆ ತಾಗಿದ್ದದ್ದು ನೆತ್ತಿ ಮತ್ತು ಪಾದ, ಅಷ್ಟೇ. ಓಡಿ ಹೋಗಿ ಬೆನ್ನಿನ ಕೆಳಗೆ ಕೈ ಕೊಟ್ಟು ಇಳಿಸಿದೆ. ಗಾಬರಿಯಲ್ಲಿ ಗದರಿದೆ ಕೂಡ: "ಹೀಗೆ ಮಾಡು ಅಂತ ಯಾರು ಹೇಳಿದ್ದು?"

"ನೀವೇ ಹೇಳಿದ್ರಲ್ಲ ಮಿಸ್, ಸೇತುಬಂಧಾಸನ ಅಂತ."

ಕತ್ತು ಸ್ವಲ್ಪ ಹಿಡಿದ ಹಾಗಾಗಿದೆ ಎಂದವನು ಸಂಜೆಗೆ ಸರಿಹೋಗಿ ಕಬಡ್ಡಿ ಆಡುತ್ತಿದ್ದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಅವನು ನೋಡಿದ ಪಾಠ ತಪ್ಪಾಗಿತ್ತೇ ಎಂದು ಹುಡುಕಿದೆ. ತಪ್ಪಾಗಿರಲಿಲ್ಲ. ನಾನು ಹೇಳಬೇಕೆಂದಿದ್ದ ಸೇತುಬಂಧಾಸನ ಪ್ರೋಟೋಕಾಲ್‌ನದು: ಮಂಡಿ ಮಡಿಸಿ, ಕಣಕಾಲು ಹಿಡಿದು, ತಲೆ ಮತ್ತು ಭುಜ ನೆಲದಲ್ಲೇ ಇದ್ದು ಸೊಂಟ ಮಾತ್ರ ಏಳುವುದು. ಹುಡುಗ ಮಾಡಿದ್ದು ಮೈಸೂರಿನ ಅಷ್ಟಾಂಗ ಪದ್ಧತಿಯ ಸೇತುಬಂಧಾಸನ. 1966ರಲ್ಲಿ ಬಂದ ಬಿ.ಕೆ.ಎಸ್. ಅಯ್ಯಂಗಾರ್ ಅವರ 'ಲೈಟ್ ಆನ್ ಯೋಗ'ದಲ್ಲೂ ಆ ಹೆಸರು ನೆತ್ತಿಯ ಮೇಲಿನ ಸೇತುವೆಗೇ ಇದೆ. ಭುಜದ ಮೇಲಿನ ಸೇತುವೆಯನ್ನು ಅವರು ಸೇತುಬಂಧ ಸರ್ವಾಂಗಾಸನ ಎಂದರು. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸ್ ಇಬ್ಬರೂ ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಶಿಷ್ಯರು. ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲೇ. ಅಂದರೆ ಹುಡುಗನ ಕಡೆಗಿದ್ದ ಪರಂಪರೆ ನಮ್ಮ ನೆಲದ್ದೇ. ಆದರೆ ಅಷ್ಟಾಂಗದಲ್ಲಿ ಈ ಆಸನ ಬರುವುದು ಸರಣಿಯ ಕೊನೆಯ ಭಾಗದಲ್ಲಿ, ಹಿಂದಿನದೆಲ್ಲ ಅಭ್ಯಾಸವಾದ ಮೇಲೆ. ಮೊಬೈಲ್‌ನಲ್ಲಿ ಆ ಹಿಂದಿನದು ಕಾಣುವುದಿಲ್ಲ. ಹೆಸರು ಕಾಣುತ್ತದೆ, ಅರ್ಧ ನಿಮಿಷದ ದೃಶ್ಯ ಕಾಣುತ್ತದೆ.

ಹುಡುಕುತ್ತಾ ಹೋದಂತೆ ಇಂಥವು ಇನ್ನೂ ಸಿಕ್ಕವು. ಇಂಗ್ಲಿಷ್ ಪಾಠಗಳಲ್ಲಿ 'ಮೌಂಟನ್ ಪೋಸ್' ಎಂದರೆ ನೆಟ್ಟಗೆ ನಿಲ್ಲುವ ತಾಡಾಸನ. ಮಗು ಅದನ್ನು ಕನ್ನಡಕ್ಕೆ ತಂದುಕೊಂಡರೆ ಪರ್ವತಾಸನ ಆಗುತ್ತದೆ. ಆದರೆ ಹಲವು ಕಡೆ ಸೂರ್ಯನಮಸ್ಕಾರದಲ್ಲಿ ಪರ್ವತಾಸನ ಎನ್ನುವುದು ಕೈಕಾಲು ಊರಿ ಸೊಂಟ ಎತ್ತುವ ಭಂಗಿಗೆ. ಅದನ್ನೇ ಅಯ್ಯಂಗಾರ್ ಪದ್ಧತಿಯವರು ಅಧೋಮುಖ ಶ್ವಾನಾಸನ ಎನ್ನುತ್ತಾರೆ. ಅವರಲ್ಲಿ ಪರ್ವತಾಸನ ಎಂದರೆ ಪದ್ಮಾಸನದಲ್ಲಿ ಕುಳಿತು ಕೈಗಳನ್ನು ತಲೆಯ ಮೇಲಕ್ಕೆ ಚಾಚುವುದು. ತಾಡಾಸನವೂ ಒಂದೇ ಇಲ್ಲ: ಪ್ರೋಟೋಕಾಲ್‌ನಲ್ಲಿ ಕೈಯೆತ್ತಿ, ಹಿಮ್ಮಡಿ ಎತ್ತಿ ತಾಳೆ ಮರದ ಹಾಗೆ ನಿಲ್ಲಬೇಕು, ಅಯ್ಯಂಗಾರ್ ಪುಸ್ತಕದಲ್ಲಿ ಕೈಗಳು ಪಕ್ಕದಲ್ಲಿರುತ್ತವೆ. (ಶ್ವಾನಾಸನ ಎಂದ ಕೂಡಲೇ ಹಿಂದಿನ ಬೆಂಚಿನವರು ಬೊಗಳುತ್ತಾರೆ, ಇದನ್ನು ಪಾಠ ಯೋಜನೆಯಲ್ಲಿ ನಿರೀಕ್ಷಿಸಿರಬೇಕು.)

ಇಲ್ಲಿ ಎರಡು ಬಗೆಯ ಗೊಂದಲಗಳಿವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ಅಭಿಪ್ರಾಯ. ಒಂದು ಭಂಗಿಗೆ ಎರಡು ಹೆಸರಿದ್ದರೆ ನಷ್ಟವಿಲ್ಲ. ಅಂಗಾಲು ಜೋಡಿಸಿ ಕೂರುವುದನ್ನು ಪ್ರೋಟೋಕಾಲ್ ಭದ್ರಾಸನ ಎನ್ನುತ್ತದೆ, ಇನ್ನೊಬ್ಬರು ಬದ್ಧಕೋನಾಸನ ಎನ್ನುತ್ತಾರೆ. ಅದು ಸೀಬೆಹಣ್ಣು, ಪೇರಲಹಣ್ಣು ಇದ್ದ ಹಾಗೆ: ಯಾವ ಹೆಸರಿನಿಂದ ಕೇಳಿದರೂ ಕೈಗೆ ಬರುವುದು ಅದೇ ಹಣ್ಣು. ಒಂದೇ ಹೆಸರು ಎರಡು ಭಂಗಿಗಳಿಗೆ ಇದ್ದಾಗ ಮಾತ್ರ ಮಗುವಿನ ಕತ್ತಿಗೆ ಬರುತ್ತದೆ, ಏಕೆಂದರೆ ಆಗ ಹೇಳಿದವರಿಗೂ ಕೇಳಿದವರಿಗೂ ಅನುಮಾನವೇ ಬರುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಅಕ್ಕ ಆನ್‌ಲೈನ್ ಪಾಠಗಳನ್ನು ನೋಡಿ ಪೋಲ್ ಡ್ಯಾನ್ಸ್ ಕಲಿಯುತ್ತಿದ್ದಾಳೆ. ಫೋನಿನಲ್ಲಿ ಈ ಕಥೆ ಹೇಳಿದಾಗ ನಕ್ಕಳು. ಅವರಲ್ಲಿ ಶಾಸ್ತ್ರಗ್ರಂಥವೇ ಇಲ್ಲ, ಕಲಿಸುವವರು ಇಟ್ಟದ್ದೇ ಹೆಸರು. ಮಂಡಿಯನ್ನು ಕಂಬಕ್ಕೆ ಕೊಕ್ಕೆ ಹಾಕಿ ತಲೆಕೆಳಗಾಗಿ ನೇತಾಡುವ ಭಂಗಿ ಎರಡು ಬಗೆ, ಕಂಬದ ಹತ್ತಿರದ ಕಾಲಿನಿಂದ ಒಂದು, ದೂರದ ಕಾಲಿನಿಂದ ಇನ್ನೊಂದು. ಕೆಲವು ಪಾಠಗಳಲ್ಲಿ ಇವಕ್ಕೆ ಜೆಮಿನಿ, ಸ್ಕಾರ್ಪಿಯೋ ಎಂಬ ರಾಶಿಗಳ ಹೆಸರು. ಕೆಲವರು ಸುಮ್ಮನೆ 'ಇನ್‌ಸೈಡ್ ಲೆಗ್ ಹ್ಯಾಂಗ್', 'ಔಟ್‌ಸೈಡ್ ಲೆಗ್ ಹ್ಯಾಂಗ್' ಎನ್ನುತ್ತಾರೆ. "ರಾಶಿ ಹೆಸರು ಕೇಳಿದ್ರೆ ಯಾವ ಕಾಲು ಅಂತ ಗೊತ್ತಾಗಲ್ಲ ಕಣೇ, ಇನ್ನೊಂದು ಹೆಸರಲ್ಲೇ ಕಾಲು ಇದೆ" ಎಂದಳು. ಆ ಆಟದ ಅಂತರರಾಷ್ಟ್ರೀಯ ಒಕ್ಕೂಟದ ಅಂಕ ನಿಯಮಾವಳಿಯಲ್ಲಿ ಪ್ರತಿ ಭಂಗಿಗೂ ಹೆಸರಿನ ಜೊತೆ ಸಂಕೇತ, ಚಿತ್ರ, ದೇಹ ಹೇಗಿರಬೇಕೆಂಬ ವಿವರಣೆ ಇರುತ್ತದೆ. ಅಕ್ಕನ ಮಾತು ನನ್ನ ಪಾಠ ಯೋಜನೆಗೆ ನೇರವಾಗಿ ಉಪಯೋಗಕ್ಕೆ ಬಂತು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಮೇಡಂ ಒಂದೇ ಸಾಲು ಬರೆದಿದ್ದರು: "ಹೆಸರನ್ನು ಕೊನೆಗೆ ಹೇಳಿ ನೋಡಿ." ಮುಂದಿನ ತರಗತಿಯಲ್ಲಿ ಹಾಗೇ ಮಾಡಿದೆ. ಅಂಗಾತ ಮಲಗಿ. ಮಂಡಿ ಮಡಿಸಿ, ಪಾದ ನೆಲಕ್ಕೆ. ತಲೆ, ಭುಜ ನೆಲ ಬಿಡಬಾರದು. ಈಗ ಸೊಂಟ ಎತ್ತಿ. "ಭಾರ ಎಲ್ಲಿದೆ?" ಎಂದು ಕೇಳಿದೆ. ಭುಜ, ಪಾದ ಎಂದರು. ಆಮೇಲೆ ಇದಕ್ಕೆ ಹೆಸರೇನು ಎಂದರೆ ಸೇತುವೆ, ಬ್ರಿಡ್ಜ್ ಎಂದೆಲ್ಲ ಬಂತು. ಒಬ್ಬಳು ಅರ್ಧಚಕ್ರಾಸನ ಎಂದಳು. ಪ್ರೋಟೋಕಾಲ್‌ನಲ್ಲಿ ಅದು ನಿಂತು ಹಿಂದಕ್ಕೆ ಬಾಗುವ ಆಸನ. ಅದನ್ನೂ ಅಲ್ಲೇ ಮಾಡಿ ತೋರಿಸಿ ಭಾರ ಎಲ್ಲಿದೆ ಎಂದು ಕೇಳಿದೆ.

ಅದೇ ವಾರ ವಿಜ್ಞಾನದಲ್ಲಿ 'ಬಲ ಮತ್ತು ಒತ್ತಡ' ಇತ್ತು. ಮರಳಿನ ಟ್ರೇ ಮೇಲೆ ಇಟ್ಟಿಗೆಯನ್ನು ಅಗಲ ಮುಖದಲ್ಲಿ, ಆಮೇಲೆ ಕಿರಿದಾದ ಮುಖದಲ್ಲಿ ಇಟ್ಟಾಗ ಯಾವುದು ಹೆಚ್ಚು ಹೂತಿತೆಂದು ನೋಡಿದೆವು. ಅದೇ ಹುಡುಗ ಎದ್ದು ನಿಂತು, "ನೆತ್ತಿ ಅಂದ್ರೆ ಇಟ್ಟಿಗೆಯ ಸಣ್ಣ ಮುಖ ಅಲ್ವಾ ಮಿಸ್?" ಎಂದ. ಹೌದು ಎಂದೆ. ಅಷ್ಟೇ ಅಲ್ಲ, ಕತ್ತಿನ 7 ಕಶೇರುಮಣಿಗಳು ಬಾಗಿದ ಸ್ಥಿತಿಯಲ್ಲೇ ಆ ಭಾರ ಹೊರಬೇಕಾಗುತ್ತದೆ ಎಂದೂ ಸೇರಿಸಿದೆ. ಯೋಜಿಸಿದ ಪಾಠಕ್ಕಿಂತ ಈ ಪ್ರಶ್ನೆ ಚೆನ್ನಾಗಿತ್ತು.

ಈ ವಿಧಾನಕ್ಕೆ ಸಮಯ ಹೆಚ್ಚು ಬೇಕು. 5 ಆಸನ ಎಂದು ಬರೆದುಕೊಂಡು ಹೋದವಳು 3 ಮಾತ್ರ ಮುಗಿಸಿದೆ. ಕ್ರೀಡಾಕೂಟ ಮುಗಿಸಿ ಬಂದ ಪಿ.ಇ. ಸರ್ ಎಲ್ಲ ಕೇಳಿಸಿಕೊಂಡು, "ಯೋಗಾಸನ ಸ್ಪರ್ಧೆಲಿ ಹೆಸರು ಕೂಗ್ತಾರಮ್ಮ, ಭಾರ ಎಲ್ಲಿದೆ ಅಂತ ಕೇಳಲ್ಲ" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ನಾನು ಮಾಡಿದ್ದ ಪಟ್ಟಿಯ ಒಂದು ಪ್ರತಿ ಅವರಿಗೆ ಕೊಟ್ಟೆ: ಮೊದಲ ಕಾಲಂನಲ್ಲಿ ಚಿತ್ರ, ಆಮೇಲೆ ಭಾರ ಎಲ್ಲಿ, ಯಾವುದು ನೆಲ ಬಿಡಬಾರದು, ಕೊನೆಯ ಕಾಲಂನಲ್ಲಿ ಹೆಸರುಗಳು. ಅವರು ಅದನ್ನು ಕ್ರೀಡಾ ಸಾಮಗ್ರಿ ಕೊಠಡಿಯ ಬಾಗಿಲ ಒಳಗಡೆ ಅಂಟಿಸಿದ್ದಾರೆ. ಈಗ ಅದರಲ್ಲಿ 11 ಹೆಸರುಗಳಿವೆ, ಪರ್ವತಾಸನದ ಎದುರು ಎರಡು ಚಿತ್ರಗಳಿವೆ.